ಶಾಹೀನ್ ಗೂಡನ್ನು ದೂರದಿಂದ ಕಾಯುವ ಕೆಲಸ

ರಾಮನಗರ–ಮಾಗಡಿ ಕಡೆಯ ಬಂಡೆಬೆಟ್ಟಗಳಲ್ಲಿ ಶಾಹೀನ್ ಚಾಣದ ನೆಲೆ ಹುಡುಕುವಾಗ ನಾನು ಮೊದಲು ನೋಡುವುದು ಹಿಕ್ಕೆಯನ್ನು. ಕಡಿದಾದ ಬಂಡೆಯಲ್ಲಿ, ಮೇಲೆ ಚಾಚುಬಂಡೆಯ ನೆರಳಿರುವ ಅಂಚಿನಿಂದ ಇಳಿದ ಬಿಳಿ ಗೆರೆಗಳು ಬಹು ದೂರಕ್ಕೇ ಕಾಣುತ್ತವೆ. ಅಷ್ಟಕ್ಕೇ ನಂಬುವಂತಿಲ್ಲ. ರಣಹದ್ದೂ ಅಂಥ ಬಂಡೆಯಲ್ಲೇ ಕೂರುತ್ತದೆ, ಕೊಂಬಿನ ಗೂಬೆಯೂ ಕೂರುತ್ತದೆ. ಹಾಗಾಗಿ ಮರಿಮಾಡುವ ಕಾಲ ಮುಗಿದ ಮೇಲೆ ಬಂಡೆಯ ಬುಡಕ್ಕೆ ಹೋಗಿ ನೋಡುತ್ತೇನೆ. ಕಿತ್ತೆಸೆದ ಪಾರಿವಾಳದ ಗರಿ, ಗಿಳಿಯ ಹಸಿರು ಪುಕ್ಕ, ಮಾಂಸವೆಲ್ಲ ಖಾಲಿಯಾದರೂ ಎರಡೂ ರೆಕ್ಕೆ ಅಂಟಿಕೊಂಡೇ ಇರುವ ಎದೆಗೂಡು ಸಿಕ್ಕರೆ ಅದು ಚಾಣದ ಊಟ. ಎದೆಮೂಳೆಯ ಅಂಚಿನಲ್ಲಿ ಸಣ್ಣ ತ್ರಿಕೋನದ ಕಚ್ಚುಗಳಿದ್ದರೆ ಇನ್ನೂ ಖಾತ್ರಿ. ಚಾಣದ ಮೇಲ್ಕೊಕ್ಕಿನಲ್ಲಿ ಹಲ್ಲಿನಂಥ ಒಂದು ಮೊನೆಯಿದೆ. ಬೇಟೆಯ ಕತ್ತಿನ ಮೂಳೆ ಮುರಿಯುವುದು ಅದರಿಂದಲೇ. ಅಂದಹಾಗೆ, ವಂಶವಾಹಿಗಳ ಅಧ್ಯಯನದ ಪ್ರಕಾರ ಚಾಣಗಳು ಹದ್ದು, ಗಿಡುಗಗಳಿಗಿಂತ ಗಿಳಿಗಳಿಗೇ ಹತ್ತಿರದ ನೆಂಟರು. ಬಂಡೆಯ ಬುಡದಲ್ಲಿ ಹಸಿರು ಪುಕ್ಕ ಕಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಹೊಸದಾಗಿ ಹಕ್ಕಿ ನೋಡುವವರಿಗೆ ಒಂದು ಮಾತು ಒತ್ತಿ ಹೇಳುತ್ತೇನೆ: ಶಾಹೀನ್ ಪೆರೆಗ್ರಿನ್ ಎಂಬ ಚಾಣದ ಒಂದು ಉಪಜಾತಿ, ಆದರೆ ದಾಖಲೆಯಲ್ಲಿ ಬರೀ ‘ಪೆರೆಗ್ರಿನ್’ ಎಂದು ಬರೆದು ಬಿಡಬೇಡಿ. ಚಳಿಗಾಲದಲ್ಲಿ ನಮ್ಮ ಕೆರೆ, ಬಯಲು, ಕರಾವಳಿಗೆ ರಷ್ಯಾದ ಉತ್ತರ ತುದಿಯ ಟಂಡ್ರಾದಿಂದ ಕ್ಯಾಲಿಡಸ್ ಎಂಬ ಉಪಜಾತಿ ಬರುತ್ತದೆ. ಅದು ದೊಡ್ಡದು, ಹೊಟ್ಟೆ ಬಿಳಿ, ಕೆನ್ನೆಯ ಮೇಲಿನ ಕಪ್ಪು ಮೀಸೆ ತೆಳು. ಬೇಸಿಗೆಗೆ ವಾಪಸು ಹೋಗುತ್ತದೆ, ಇಲ್ಲಿ ಮೊಟ್ಟೆ ಇಡುವುದಿಲ್ಲ. ಶಾಹೀನ್ ಇಲ್ಲಿಯದೇ ಉಪಜಾತಿ: ಗಿಡ್ಡ, ಗಟ್ಟಿಮುಟ್ಟು, ತಲೆಯೆಲ್ಲ ಕಪ್ಪು, ಹೊಟ್ಟೆ ಕಂದುಗೆಂಪು. ಎರಡನ್ನೂ ಒಂದೇ ಹೆಸರಿನಡಿ ಸೇರಿಸಿದರೆ ನಮ್ಮ ಬಂಡೆಗಳಲ್ಲಿ ಎಷ್ಟು ಜೋಡಿ ಸಂಸಾರ ಹೂಡಿವೆ ಎಂಬುದೇ ಗೊತ್ತಾಗುವುದಿಲ್ಲ.

ನಾನು ಕೂರುವುದು ಎದುರು ಗುಡ್ಡದಲ್ಲಿ, ಗೂಡಿನಿಂದ ಸುಮಾರು 500 ಮೀಟರ್ ದೂರದಲ್ಲಿ. ಬೆಳಕು ಹರಿಯುವ ಮೊದಲೇ ಟೆಲಿಸ್ಕೋಪ್ ನಿಲ್ಲಿಸಿ, ಮಸುಕು ಬಣ್ಣದ ಬಟ್ಟೆ ಹಾಕಿಕೊಂಡು, ಪೊದೆಗೆ ಬೆನ್ನು ಕೊಟ್ಟು ಕೂತರೆ ಆಮೇಲೆ ಏಳುವುದು ಕಡಿಮೆ. ದೂರ ಸಾಕೇ ಎಂಬುದನ್ನು ಹೆಣ್ಣೇ ಹೇಳುತ್ತದೆ. ಕಾವು ಕೂತದ್ದು ಎದ್ದು ನಿಂತು ನನ್ನತ್ತಲೇ ದಿಟ್ಟಿಸಿದರೆ, ‘ಕ್ಯಾಕ್ ಕ್ಯಾಕ್ ಕ್ಯಾಕ್’ ಎಂದು ಒರಟಾಗಿ ಕೂಗಿದರೆ, ತಕ್ಷಣ ಹಿಂದೆ ಸರಿಯಬೇಕು. ಫೋಟೊ ಆಮೇಲೆ.

ಶಾಹೀನ್ ಕಡ್ಡಿ ತಂದು ಗೂಡು ಕಟ್ಟುವುದಿಲ್ಲ. ಅಂಚಿನ ಮೇಲಿನ ಮಣ್ಣುಮರಳನ್ನು ಎದೆಯಿಂದ ಒತ್ತಿ, ಕಾಲಿನಿಂದ ಕೆದರಿ ಒಂದು ತಗ್ಗು ಮಾಡಿಕೊಂಡು ಅದರಲ್ಲೇ ಮೂರು ನಾಲ್ಕು ಕಂದುಗೆಂಪು ಮೊಟ್ಟೆ ಇಡುತ್ತದೆ. ಕಾವು ಸುಮಾರು ಒಂದು ತಿಂಗಳು. ಆ ದಿನಗಳಲ್ಲಿ ಬೇಟೆಯ ಭಾರ ಹೆಚ್ಚಾಗಿ ಗಂಡಿನದು. ಅದು ಹೆಣ್ಣಿಗಿಂತ ಸುಮಾರು ಮೂರನೇ ಒಂದು ಪಾಲು ಚಿಕ್ಕದು. ಪಾರಿವಾಳ ಹಿಡಿದು ತಂದ ಗಂಡು ಸೀದಾ ಅಂಚಿಗೆ ಬರದೆ ಪಕ್ಕದ ಬೋಳುಬಂಡೆಯ ತುದಿಯಲ್ಲಿ ಕೂತು ಗರಿ ಕೀಳುತ್ತದೆ. ಟೆಲಿಸ್ಕೋಪಿನಲ್ಲಿ ಒಂದೊಂದೇ ಬೂದು ಗರಿ ಗಾಳಿಗೆ ತೇಲಿಹೋಗುವುದು ಕಾಣುತ್ತದೆ. ಆಮೇಲೆ ಅದು ಸಣ್ಣಗೆ ಕೂಗಿ ಹಾರುತ್ತದೆ. ಹೆಣ್ಣು ಅಂಚಿನಿಂದ ಜಾರಿದಂತೆ ಹೊರಬಿದ್ದು ಗಂಡಿನ ಅಡಿಗೆ ಬಂದು, ಹಾರುತ್ತಲೇ ಮಗುಚಿ, ಮೇಲಕ್ಕೆ ಕಾಲು ಚಾಚಿ ಪಾರಿವಾಳವನ್ನು ಕಸಿಯುತ್ತದೆ. ಹೆಣ್ಣು ತಿಂದು ಬರುವವರೆಗೆ ಗಂಡು ಮೊಟ್ಟೆಗಳ ಮೇಲೆ ಕೂರುತ್ತದೆ. ಜನ ಗಂಟೆಗೆ 300 ಕಿಲೋಮೀಟರ್ ಮೀರುವ ಅದರ ಎರಗುವಿಕೆಯ ವೇಗವನ್ನೇ ಮಾತಾಡುತ್ತಾರೆ. ನನಗೆ ಈ ಕೈಬದಲಾವಣೆಯೇ ಹೆಚ್ಚು. ಮೊಟ್ಟೆ ಒಡೆದಿವೆ ಎಂದು ನನಗೆ ತಿಳಿಯುವುದೂ ಇದರಿಂದಲೇ. ಊಟ ಬರುವುದು ಜಾಸ್ತಿಯಾಗುತ್ತದೆ, ಹೆಣ್ಣು ಅಂಚಿನಲ್ಲಿ ತಲೆ ತಗ್ಗಿಸಿ ಚೂರು ಚೂರು ಕಿತ್ತು ಉಣಿಸತೊಡಗುತ್ತದೆ.

ಗೂಡು ಕೆಡುವುದು ಹೇಗೆ ಎಂದು ಕೇಳಿದರೆ ಜನ ಕಳ್ಳಬೇಟೆ ಎನ್ನುತ್ತಾರೆ. ಅದೂ ಉಂಟು, ಇದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅತಿ ಹೆಚ್ಚು ರಕ್ಷಣೆ ಕೊಡುವ ಒಂದನೇ ಅನುಸೂಚಿಯ ಹಕ್ಕಿ. ಆದರೆ ನಮ್ಮ ಕಡೆ ನನಗಿರುವ ದೊಡ್ಡ ಭಯ ಬಿಸಿಲು. ಫೆಬ್ರವರಿ, ಮಾರ್ಚ್‌ನ ಮಧ್ಯಾಹ್ನ ಬಂಡೆಯ ಮೇಲೆ ಬರಿಗಾಲು ಊರಲಾಗದು. ಹೊಸದಾಗಿ ಹುಟ್ಟಿದ ಮರಿಗೆ ಮೈಯ ಬಿಸಿ ಹಿಡಿತದಲ್ಲಿಟ್ಟುಕೊಳ್ಳಲು ಬರುವುದಿಲ್ಲ, ತಾಯಿ ರೆಕ್ಕೆ ಅಗಲಿಸಿ ನೆರಳಾಗಬೇಕು. ಆ ಹೊತ್ತಿಗೆ ಮೇಲಿನಿಂದ ಹಗ್ಗ ಇಳಿಬಿಟ್ಟರೆ, ಡ್ರೋನ್ ಹಾರಿಸಿದರೆ, ಹೆಜ್ಜೇನು ಬಿಡಿಸಲು ಹೊಗೆ ಹಾಕಿದರೆ ತಾಯಿ ಎದ್ದು ಹೋಗುತ್ತದೆ. ಯಾರೂ ಮುಟ್ಟದೆಯೂ ಗೂಡು ಹಾಳಾಗುತ್ತದೆ.

ಇದನ್ನೇ ಬಂಡೆ ಹತ್ತುವ ಹುಡುಗರ ಗುಂಪಿಗೆ ಟೆಲಿಸ್ಕೋಪಿನಲ್ಲಿ ತೋರಿಸಿದೆ. ತಾಯಿ ಬಾಯಿ ತೆರೆದು ಏದುಸಿರು ಬಿಡುತ್ತ ನೆರಳು ಹಿಡಿದಿದ್ದನ್ನು ಕಂಡ ಮೇಲೆ ಹೆಚ್ಚು ಮಾತು ಬೇಕಾಗಲಿಲ್ಲ. ಬಂಡೆಯ ಆ ಬದಿಯಲ್ಲಿ ಹತ್ತುವ ದಾರಿಗಳನ್ನು ಡಿಸೆಂಬರ್‌ನಿಂದ ಮೇ ಕೊನೆಯವರೆಗೆ ಬಳಸುವುದಿಲ್ಲ ಎಂದರು. ಕುರಿ ಮೇಯಿಸುವವರು ಅಪರಿಚಿತರು ಬಂದರೆ ಫೋನ್ ಮಾಡುತ್ತಾರೆ. ಬೆಟ್ಟದ ಹೆಸರನ್ನು ನಾನು ಎಲ್ಲೂ ಹಾಕುವುದಿಲ್ಲ, ಫೋಟೊದಲ್ಲಿ ಗುರುತು ಸಿಗುವ ಹಿನ್ನೆಲೆಯನ್ನೂ ಬಿಡುವುದಿಲ್ಲ.

ಇಷ್ಟು ವರ್ಷ ಒಂದೇ ಬಂಡೆ ನೋಡಿ ಏನು ಪ್ರಯೋಜನ ಎನ್ನುವವರಿಗೆ ನಾನು ಬ್ರಿಟನ್ನಿನ ಕಥೆ ಹೇಳುತ್ತೇನೆ. 1960ರ ಸುಮಾರಿಗೆ ಅಲ್ಲಿ ಪಂದ್ಯದ ಪಾರಿವಾಳ ಸಾಕುವವರು, ಪೆರೆಗ್ರಿನ್ ವಿಪರೀತ ಹೆಚ್ಚಿವೆ, ಕಾನೂನಿನ ರಕ್ಷಣೆ ತೆಗೆಯಿರಿ ಎಂದು ಸರ್ಕಾರಕ್ಕೆ ದೂರು ಕೊಟ್ಟರು. ಪಕ್ಷಿವಿಜ್ಞಾನಿ ಡೆರೆಕ್ ರ‍್ಯಾಟ್‌ಕ್ಲಿಫ್ ನೇತೃತ್ವದಲ್ಲಿ ಹಳೆಯ ನೆಲೆಗಳನ್ನೆಲ್ಲ ಎಣಿಸಿದರೆ ಕಂಡದ್ದು ತದ್ವಿರುದ್ಧ: ಸಂತತಿ ಕುಸಿಯುತ್ತಿತ್ತು. ಡಿಡಿಟಿ ಎಂಬ ಕೀಟನಾಶಕ ಮೈಗೆ ಸೇರಿ ಮೊಟ್ಟೆಯ ಚಿಪ್ಪು ತೆಳುವಾಗಿ, ತಾಯಿಯ ಭಾರಕ್ಕೇ ಒಡೆಯುತ್ತಿತ್ತು. 1967ರಲ್ಲಿ ಅವರು ಹಳೆಯ ಸಂಗ್ರಹಗಳ ಮೊಟ್ಟೆಗಳ ಜೊತೆ ಹೋಲಿಸಿ ಇದನ್ನು ಪ್ರಕಟಿಸಿದರು. ಅಮೆರಿಕ 1972ರಲ್ಲಿ ಡಿಡಿಟಿ ನಿಷೇಧಿಸಿತು, ಸಾಕಿದ ಮರಿಗಳನ್ನು ಕಾಡಿಗೆ ಬಿಟ್ಟಿತು, 1999ರಲ್ಲಿ ಹಕ್ಕಿಯನ್ನು ಅಪಾಯದ ಪಟ್ಟಿಯಿಂದ ತೆಗೆಯಿತು. ಯಾವ ಬಂಡೆಯಲ್ಲಿ ಮೊದಲು ಜೋಡಿಯಿತ್ತು ಎಂದು ಯಾರೋ ಬರೆದಿಟ್ಟಿರದಿದ್ದರೆ ಪಾರಿವಾಳದವರ ಮಾತೇ ಗೆಲ್ಲುತ್ತಿತ್ತು.

ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಋತುವಿಗೂ ಅವೇ ಕಲಂಗಳು: ಜೋಡಿ ಬಂದದ್ದು, ಕಾವು ಕೂತದ್ದು, ಮೊದಲ ಊಟ, ಹಾರಿದ ಮರಿಗಳು, ತೊಂದರೆ ಕೊಟ್ಟದ್ದು ಏನು. ಜೋಡಿ ಬಾರದ ವರ್ಷವಿದ್ದರೆ ಅದನ್ನೂ ಬರೆಯಬೇಕು. ಆರು ವಾರಕ್ಕೆ ಹಾರಿದ ಮರಿಗಳು ಇನ್ನೂ ಕೆಲವು ವಾರ ಅದೇ ಬಂಡೆಯಲ್ಲಿ ಊಟಕ್ಕೆ ಅರಚುತ್ತ, ಒಂದರ ಮೇಲೊಂದು ಎರಗುತ್ತ ಬೇಟೆ ಕಲಿಯುತ್ತವೆ. ಅದಕ್ಕೇ ಹತ್ತುವವರಿಗೆ ಮೇ ಕೊನೆ ಎಂದು ಹೇಳಿರುವುದು, ಏಪ್ರಿಲ್ ಎಂದಲ್ಲ.