ಆಟೊಕ್ಯಾಡ್‌ನಲ್ಲಿ ಒಂದೇ ಬಾಗಿಲು, ಮೂರು ಅಳತೆ

ಕಂಪ್ಯೂಟರ್‌ನಲ್ಲಿ ನಕ್ಷೆ ಬರೆಯುವ ತಂತ್ರಾಂಶವಾದ ಆಟೊಕ್ಯಾಡ್‌ನಲ್ಲಿ ಡ್ರಾಫ್ಟಿಂಗ್ ಕಲಿಯಲು ನನ್ನ ಹತ್ತಿರ ಬರುವವರು ಲೈನ್, ಟ್ರಿಮ್, ಆಫ್‌ಸೆಟ್ ಕೈಗೆ ಹತ್ತಿದ ಕೂಡಲೇ ತ್ರೀಡಿ ಕಲಿಸಿ ಅಂತಾರೆ. ನಾನು ಮೊದಲು ಡೈನಾಮಿಕ್ ಬ್ಲಾಕ್ ಕಲಿಸುತ್ತೇನೆ. ಬ್ಲಾಕ್ ಅಂದರೆ ಒಮ್ಮೆ ಬರೆದು ಬೇಕಾದಲ್ಲೆಲ್ಲ ಇಡಬಹುದಾದ ಚಿತ್ರ; ಇಟ್ಟ ಮೇಲೂ ಅದರ ಅಳತೆ, ದಿಕ್ಕು ಬದಲಿಸಲು ಬಂದರೆ ಅದು ಡೈನಾಮಿಕ್. ದಿನಾ ಪ್ಲಾನ್ ಬರೆಯುವವರಿಗೆ ಇದಕ್ಕಿಂತ ಉಪಯೋಗದ ವಿದ್ಯೆ ಇನ್ನೊಂದಿಲ್ಲ. 2006ರ ಆವೃತ್ತಿಯಲ್ಲೇ ಬಂದದ್ದು ಇದು. ಆದರೂ ಎಷ್ಟೋ ಕಡೆ ಅಳತೆಗೊಂದು ಬಾಗಿಲು, ಎಡಕ್ಕೊಂದು, ಬಲಕ್ಕೊಂದು ಅಂತ ಬ್ಲಾಕ್‌ಗಳ ರಾಶಿಯೇ ಇರುತ್ತದೆ.

ಲೇಯರ್ ಸೊನ್ನೆಯಲ್ಲಿ 900 ಮಿಲಿಮೀಟರ್ ಬಾಗಿಲು ಬರೆಯಿರಿ. ಆಗ ಬ್ಲಾಕನ್ನು ಯಾವ ಲೇಯರ್‌ನಲ್ಲಿ (ನಕ್ಷೆಯ ಪದರದಲ್ಲಿ) ಇಟ್ಟರೂ ಆ ಲೇಯರ್‌ನ ಬಣ್ಣವನ್ನೇ ತೆಗೆದುಕೊಳ್ಳುತ್ತದೆ. ಎರಡು ಬದಿ ಚೌಕಟ್ಟು, ಎಡಗಡೆ ಕೀಲು, ಮೇಲಕ್ಕೆ ತೆರೆದ ಕದ, ಕಾಲು ವೃತ್ತದ ಆರ್ಕ್. ಈ 900 ಚೌಕಟ್ಟು ಸೇರಿಸಿಯೋ ಬಿಟ್ಟೋ ಅನ್ನುವುದನ್ನು ಈಗಲೇ ತೀರ್ಮಾನಿಸಿ. ಬಡಗಿ ಮೊದಲು ಕೇಳುವುದೇ ಅದು. ಇಲ್ಲಿ ಚೌಕಟ್ಟು ಬಿಟ್ಟು ಒಳ ಅಳತೆ ಹಿಡಿದಿದ್ದೇನೆ. ಬ್ಲಾಕ್ ಮಾಡಿ, ಬಿಇ ಎಂದು ಟೈಪಿಸಿ ಎಂಟರ್ ಒತ್ತಿದರೆ ಬ್ಲಾಕ್ ಎಡಿಟರ್ ತೆರೆಯುತ್ತದೆ.

ಕೀಲಿನಿಂದ ಎದುರು ಚೌಕಟ್ಟಿನವರೆಗೆ ಲೀನಿಯರ್ ಪ್ಯಾರಾಮೀಟರ್ ಹಾಕಿ; ಬದಲಾಗಬೇಕಾದ ಉದ್ದವನ್ನು ಗುರುತಿಸುವುದು ಇದೇ. ಕೀಲಿನಿಂದಲೇ ಶುರು ಮಾಡಬೇಕು, ಕಾರಣ ಮುಂದೆ ಗೊತ್ತಾಗುತ್ತದೆ. ಪ್ರಾಪರ್ಟೀಸ್‌ನಲ್ಲಿ ಅದರ ಹೆಸರನ್ನು ‘ಅಗಲ’ ಮಾಡಿ, ಗ್ರಿಪ್ (ಹಿಡಿದು ಎಳೆಯುವ ಗುರುತು) ಸಂಖ್ಯೆ 1 ಮಾಡಿ. ಡಿಸ್ಟೆನ್ಸ್ ಟೈಪ್‌ನಲ್ಲಿ ಲಿಸ್ಟ್ ಆರಿಸಿ 750, 1050 ಸೇರಿಸಿ. ಟಾಯ್ಲೆಟ್, ಬೆಡ್‌ರೂಮ್, ಮುಂಬಾಗಿಲು ಮೂರಕ್ಕೂ ಆಯಿತು.

ಇನ್ನು ಆ್ಯಕ್ಷನ್‌ಗಳು, ಅಂದರೆ ಗ್ರಿಪ್ ಎಳೆದಾಗ ಯಾವ ಗೆರೆ ಏನಾಗಬೇಕು ಅನ್ನುವುದು. ಗಡಿಬಿಡಿ ಆಗುವುದು ಇಲ್ಲೇ, ಅದಕ್ಕೆ ನಿಧಾನವಾಗಿ ಮಾಡಿ. ಮೊದಲ ಸ್ಟ್ರೆಚ್ ಬಲ ಚೌಕಟ್ಟಿಗೆ: ಫ್ರೇಮ್ ಅದನ್ನು ಪೂರ್ತಿ ಸುತ್ತುವರಿಯಲಿ, ಆಗ ಅದು ಹಿಗ್ಗದೆ ಸುಮ್ನೆ ಸರಿಯುತ್ತದೆ. ಎರಡನೆಯ ಸ್ಟ್ರೆಚ್ ಕದಕ್ಕೆ: ಫ್ರೇಮ್ ಕದದ ಮೇಲ್ತುದಿಯನ್ನಷ್ಟೇ ಹಿಡಿಯಲಿ. ಗ್ರಿಪ್ ಎಳೆಯುವುದು ಬಲಕ್ಕೆ, ಕದ ಬೆಳೆಯಬೇಕಾದದ್ದು ಮೇಲಕ್ಕೆ, ಅಲ್ವಾ? ಅದಕ್ಕೇ ಈ ಆ್ಯಕ್ಷನ್‌ನ ಆ್ಯಂಗಲ್ ಆಫ್‌ಸೆಟ್ 90 ಕೊಡಿ. ಎರಡನ್ನೂ ಪ್ಯಾರಾಮೀಟರ್‌ನ ಬಲ ತುದಿಗೇ ಕಟ್ಟಿ. ಆರ್ಕ್‌ಗೆ ಮಾತ್ರ ಸ್ಕೇಲ್ ಆ್ಯಕ್ಷನ್. ಅದು ಪ್ಯಾರಾಮೀಟರ್ ಶುರುವಾದ ಬಿಂದುವನ್ನು ಹಿಡಿದು ಹಿಗ್ಗುತ್ತದೆ. ನಮ್ಮದು ಕೀಲಿನಲ್ಲಿ ಶುರುವಾಗಿರುವುದರಿಂದ ಆರ್ಕ್ ಜಾಗ ಬಿಟ್ಟು ಕದಲುವುದಿಲ್ಲ.

ಎಡ-ಬಲಕ್ಕೊಂದು, ಒಳಗೆ-ಹೊರಗೆ ಒಂದು ಫ್ಲಿಪ್ (ಕನ್ನಡಿಯಂತೆ ತಿರುಗಿಸುವ) ಪ್ಯಾರಾಮೀಟರ್ ಹಾಕಿ. ಎರಡಕ್ಕೂ ಫ್ಲಿಪ್ ಆ್ಯಕ್ಷನ್ ಕೊಡುವಾಗ ಗೆರೆಗಳ ಜೊತೆ ಪ್ಯಾರಾಮೀಟರ್, ಆ್ಯಕ್ಷನ್ ಎಲ್ಲವನ್ನೂ ಸೆಲೆಕ್ಟ್ ಮಾಡಿ. ಬಿಟ್ಟರೆ ಬಾಗಿಲು ತಿರುಗುತ್ತದೆ, ಗ್ರಿಪ್ ಹಳೇ ಜಾಗದಲ್ಲೇ ಉಳಿಯುತ್ತದೆ. ಟೆಸ್ಟ್ ಬ್ಲಾಕ್ ಒತ್ತಿ ಮೂರೂ ಅಳತೆ ನೋಡಿ, ತಿರುಗಿಸಿಯೂ ನೋಡಿ, ಆಮೇಲೆ ಸೇವ್ ಮಾಡಿ. ಒಂದೇ ಬ್ಲಾಕಿನಲ್ಲಿ ಕೆಲವು ಗೆರೆ ತೋರಿಸಿ ಕೆಲವು ಅಡಗಿಸುವ ವಿಸಿಬಿಲಿಟಿ ಸ್ಟೇಟ್ ಈಗಲೇ ಬೇಡ. ಇಷ್ಟು ಕೈಗೆ ಹತ್ತಿದ ಮೇಲೆ ಜೋಡಿ ಬಾಗಿಲಿಗೆ ಅದು ಬೇಕಾಗುತ್ತದೆ.

ಪ್ಲಾನ್ ಮುಗಿದ ಮೇಲೆ ಡೇಟಾ ಎಕ್ಸ್‌ಟ್ರ್ಯಾಕ್ಷನ್ ಕಮಾಂಡ್ ಕೊಡಿ. ಬಾಗಿಲಿನ ಬ್ಲಾಕ್ ಆರಿಸಿ ‘ಅಗಲ’ಕ್ಕೆ ಟಿಕ್ ಹಾಕಿದರೆ, ಯಾವ ಅಳತೆಯದು ಎಷ್ಟು ಅಂತ ಟೇಬಲ್ ಬರುತ್ತದೆ. ಬಾಗಿಲು ಬದಲಾದರೆ ಟೇಬಲ್‌ನ ಡೇಟಾ ಲಿಂಕ್ ಅಪ್‌ಡೇಟ್ ಮಾಡಿ, ಮತ್ತೆ ಎಣಿಸಬೇಕಿಲ್ಲ. ಅರ್ಜೆಂಟಿನಲ್ಲಿ ಯಾರಾದರೂ ಬ್ಲಾಕನ್ನು ಎಕ್ಸ್‌ಪ್ಲೋಡ್ ಮಾಡಿ ಬಿಡಿ ಗೆರೆಗಳಾಗಿ ಒಡೆದಿದ್ದರೆ ಮಾತ್ರ ಆ ಬಾಗಿಲು ಲೆಕ್ಕಕ್ಕೆ ಸಿಗುವುದಿಲ್ಲ. ಬಡಗಿಗೆ ಪಟ್ಟಿ ಕೊಡುವ ಮೊದಲು ಅದನ್ನೊಮ್ಮೆ ನೋಡಿಬಿಡಿ.