ಊರಾಚೆ ಲೇಔಟಲ್ಲಿ ನಡೆದಾಡೋ ಪೇಟೆಬೀದಿ ಕಟ್ಟೋದು ಹೇಗೆ

ನಮ್ಮನೆ ತಾರಸಿ ಮೇಲೆ ನಿಂತ್ರೆ ಹಾಲಿನ ಬೂತು ಕಾಣುತ್ತೆ. ಆದ್ರೆ ಅಲ್ಲಿಗೆ ನಡ್ಕೊಂಡು ಹೋಗ್ಬೇಕಂದ್ರೆ ಒಂದೂವರೆ ಕಿಲೋಮೀಟರು, ಯಾಕಂದ್ರೆ ಮಧ್ಯದಲ್ಲಿ ಎರಡು ಲೇಔಟಿನ ಕಾಂಪೌಂಡು, ಅದು ದಾಟಿದ್ಮೇಲೆ ಫುಟ್‌ಪಾತೇ ಇಲ್ದಿರೋ ಮೇನ್ ರೋಡು, ಅದ್ರಲ್ಲಿ ಹಗಲೂ ರಾತ್ರಿ ಟಿಪ್ಪರ್ ಲಾರಿ. ಹಾಗಾಗಿ ಅರ್ಧ ಲೀಟರ್ ಹಾಲಿಗೆ ಕಾರ್ ತೆಗೀತೀವಿ. ಅಮ್ಮ ಬೆಂಗಳೂರಿನ ಬಸವನಗುಡಿಯಲ್ಲಿ ನಲವತ್ತು ವರ್ಷ ಇದ್ದೋರು, ಈ ಕನಕಪುರ ರೋಡ್ ಕಡೆ ಬಂದ ಮೊದಲ್ನೇ ವಾರಾನೇ ಕೇಳಿದ್ರು, "ಏನೋ ಇದು, ಕೊತ್ತಂಬರಿ ಸೊಪ್ಪಿಗೂ ಪೆಟ್ರೋಲ್ ಸುಡ್ಬೇಕಾ?" ಅಂತ.

ನಾನು ಲೇಔಟ್ ಡ್ರಾಯಿಂಗ್ ಮಾಡೋ ಕೆಲಸದಲ್ಲಿರೋನು, ಅಂದ್ರೆ ಈ ತಪ್ಪಲ್ಲಿ ನನ್ನ ಪಾಲೂ ಇದೆ. ಈಗೀಗ ಅಸೋಸಿಯೇಷನ್‌ನೋರು, ಜಮೀನು ಇರೋ ರೈತರು, ಸಣ್ಣ ಬಿಲ್ಡರ್‌ಗಳು ಬಂದು ಕೇಳೋದು ಒಂದೇ: "ಸಾರ್, ನಮ್ಮ ಕಡೇನೂ ಜಯನಗರ ಫೋರ್ತ್ ಬ್ಲಾಕ್ ತರ ಒಂದು ಪೇಟೆಬೀದಿ ಮಾಡಕ್ಕಾಗುತ್ತಾ?" ಆಗುತ್ತೆ. 5 ಎಕರೆ ಇದ್ರೆ ಸಾಕು. ಆದ್ರೆ ಎಲ್ಲರೂ ಮೊದ್ಲು ಬಿಲ್ಡಿಂಗ್ ಎಲಿವೇಷನ್ (ಮುಂಭಾಗದ ನೋಟ) ತೋರ್ಸಿ ಅಂತಾರೆ, ಅಲ್ಲೇ ಕೆಡೋದು. ಮೊದ್ಲು ಬೀದಿ, ಅದೂ ಸಣ್ಣ ಸಣ್ಣ ತುಂಡಾಗಿ.

ಶುರು ಮಾಡೋಕ್ ಮುಂಚೆ ಒಂದು ಭಾನುವಾರ ಸಂಜೆ ಫೋರ್ತ್ ಬ್ಲಾಕಿಗೆ ಹೋಗಿ, ಜೇಬಲ್ಲಿ ಒಂದು ಟೇಪ್ ಇಟ್ಕೊಳ್ಳಿ. ಜಯನಗರಾನೂ ಒಂದು ಕಾಲಕ್ಕೆ ಊರಾಚೆ ಲೇಔಟೇ, 1948ರಲ್ಲಿ ಶುರುವಾಗಿದ್ದು, ಆಗ ಬಿಡಿಎ ಇರ್ಲೇ ಇಲ್ಲ (ಅದು ಹುಟ್ಟಿದ್ದು 1976ರಲ್ಲಿ), ಅದಕ್ಕೂ ಮುಂಚೆ ಲೇಔಟ್ ಮಾಡ್ತಿದ್ದ ಸಿಐಟಿಬಿ (ಸಿಟಿ ಇಂಪ್ರೂವ್ಮೆಂಟ್ ಟ್ರಸ್ಟ್ ಬೋರ್ಡ್) ಕಾಲದ್ದು. ಅಲ್ಲಿ ಶಾಪಿಂಗ್ ಕಾಂಪ್ಲೆಕ್ಸ್ ಒಳಗೆ ಎಷ್ಟು ಜನ ಇದಾರೆ, ಹೊರಗೆ ರಸ್ತೇಲಿ ಎಷ್ಟು ಜನ ಇದಾರೆ ಅಂತ ನೋಡಿ. ಪುಟ್ಟಣ್ಣ ಚಿತ್ರಮಂದಿರ ಹೋಯ್ತು, ಆದ್ರೂ ಸಂಜೆ ಹೊತ್ತು ಕಾಲಿಡೋಕೆ ಜಾಗ ಇರಲ್ಲ. ಪಕ್ಕದಲ್ಲೇ ಬಸ್ ಸ್ಟ್ಯಾಂಡು, ಎದುರಿಗೆ ಬಟ್ಟೆ ಹರಡ್ಕೊಂಡು ಕೂತಿರೋರು, ಹೂವು, ತರಕಾರಿ, ನಿಂತ್ಕೊಂಡು ಕಾಫಿ ಕುಡಿಯೋ ಜಾಗ. ದರ್ಶಿನಿ ಅನ್ನೋ ಮಾದರಿ ಶುರುವಾಗಿದ್ದೂ 1983ರಲ್ಲಿ ಇದೇ ಜಯನಗರದಲ್ಲಿ, ಅದೇನು ಆಶ್ಚರ್ಯ ಅಲ್ಲ, ನಡ್ಕೊಂಡು ಬರೋರು ಇದ್ದಲ್ಲಿ ಮಾತ್ರ ಐದು ನಿಮಿಷದ ಹೋಟ್ಲು ನಡೆಯೋದು.

ಈಗ ಲೆಕ್ಕಕ್ಕೆ ಬರೋಣ. ಮಧ್ಯದಲ್ಲಿ 60 ಅಡಿ ಅಗಲದ ಒಂದು ಬೀದಿ, 600 ಅಡಿ ಉದ್ದ. ಎರಡೂ ಕಡೆ 100 ಅಡಿ ಆಳದ ಸೈಟುಗಳು, ಅದರ ಹಿಂದೆ 20 ಅಡಿಯ ಹಿಂಬದಿ ಓಣಿ. ಕೂಡಿದ್ರೆ ಅಗಲ 300 ಅಡಿ, ಒಟ್ಟು 1,80,000 ಚದರಡಿ, ನಾಲ್ಕು ಎಕರೆಗೆ ಚೂರು ಜಾಸ್ತಿ. ಉಳಿದಿದ್ದು ಒಂದು ಕಟ್ಟೆ, ಒಂದು ಸಣ್ಣ ಮೈದಾನ, ಬಸ್ ನಿಲ್ಲೋ ಜಾಗ. 600 ಅಡೀನ ಒಂದೇ ಉದ್ದಕ್ಕೆ ಬಿಡ್ಬೇಡಿ, 200 ಅಡಿಗೊಂದು ಅಡ್ಡರಸ್ತೆ ಕೊಯ್ದು ಬಿಡಿ. ಅಮೆರಿಕದ ಪೋರ್ಟ್‌ಲ್ಯಾಂಡ್ ಊರಿನ ಮಧ್ಯಭಾಗ ಪೂರ್ತಿ 200 ಅಡಿ ಬ್ಲಾಕುಗಳೇ, ನಡೆಯೋರಿಗೆ ಯಾವ ಕಡೆ ಬೇಕಾದ್ರೂ ತಿರುಗ್ಬಹುದು. ನಮ್ಮಲ್ಲಿ ಬಿಲ್ಡರ್‌ಗಳಿಗೆ ಅಡ್ಡರಸ್ತೆ ಅಂದ್ರೆ ಹೋದ ಸೈಟು ಅನ್ನೋ ಸಂಕಟ, ಅವ್ರಿಗೆ ನಾನು ಹೇಳೋದು, ಸಾರ್ ಒಂದು ಕ್ರಾಸ್ ಬಿದ್ರೆ ನಾಲ್ಕು ಕಾರ್ನರ್ ಸೈಟು ಬರುತ್ತೆ, ಕಾರ್ನರ್‌ಗೆ ರೇಟ್ ಎಷ್ಟು ಅಂತ ನಿಮಗೇ ಗೊತ್ತು. ಆಮೇಲೆ ಸುಮ್ನಾಗ್ತಾರೆ.

ಡ್ರಾಯಿಂಗ್ ಆದ ತಕ್ಷಣ ಜೆಸಿಬಿ ಕರೀಬೇಡಿ. ಒಂದು ಮೂಟೆ ಸುಣ್ಣದ ಪುಡಿ ತಗೊಂಡು ಬರೀ ನೆಲದ ಮೇಲೇ ಬೀದಿ ಗೆರೆ ಹಾಕ್ಸಿ, ಅಂಗಡಿ ಬಾಗಿಲು ಎಲ್ಲೆಲ್ಲಿ ಅಂತಾನೂ ಗೆರೆ, ಆಮೇಲೆ ಮನೆಯಲ್ಲಿರೋ ವಯಸ್ಸಾದೋರನ್ನ, ಮಗು ತಳ್ಳೋ ಗಾಡೀನ ಕರ್ಕೊಂಡು ಬಂದು ನಡೆಸಿ. ಒಂದು ಕಡೆ ಹೀಗೆ ಮಾಡಿದಾಗ ಎರಡು ಜನ ಎದುರುಬದುರು ಬಂದ್ರೆ ಒಬ್ಬರು ಗೆರೆ ದಾಟಿ 'ರಸ್ತೆ'ಗೆ ಇಳೀತಾ ಇದ್ರು, ಯಾರೂ ಹೇಳ್ಕೊಡ್ದೇನೇ. ಅವತ್ತೇ ಫುಟ್‌ಪಾತ್ 6 ಅಡಿಯಿಂದ 12ಕ್ಕೆ ಹೋಯ್ತು. ಖರ್ಚು ಒಂದು ಮೂಟೆ ಸುಣ್ಣ.

60 ಅಡೀನ ಹಂಚೋದು ಹೀಗೆ: ಮಧ್ಯ ಗಾಡಿ ಓಡೋಕೆ 21 ಅಡಿ, ಎರಡೂ ಕಡೆ 7 ಅಡಿಯ ಒಂದೊಂದು ಪಟ್ಟಿ, ಉಳಿದ 25 ಅಡೀಲಿ ಆ ಕಡೆ ಈ ಕಡೆ ಹನ್ನೆರಡೂವರೆ ಅಡಿ ಫುಟ್‌ಪಾತು. 21 ಅಡಿ ಸಾಕಾ ಅಂತ ಎಲ್ಲರೂ ಕೇಳ್ತಾರೆ. ಒಂದು ಬಸ್ಸು ಒಂದು ಕಾರು ನಿಧಾನಕ್ಕೆ ಎದುರುಬದುರು ಹೋಗೋಕೆ ಸಾಕು, ನಿಧಾನಕ್ಕೇ ಹೋಗ್ಲಿ ಅಂತಾನೇ ಅಷ್ಟು. ರಸ್ತೆಗಳಿಗೆ ಅಳತೆ ಗೊತ್ತುಮಾಡೋ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ (ಐಆರ್‌ಸಿ) 103ನೇ ನಂಬರಿನ 2012ರ ಪುಸ್ತಕದಲ್ಲೂ ಅಂಗಡಿ ಸಾಲಿನ ಮುಂದೆ ಮೂರೂವರೆಯಿಂದ ನಾಲ್ಕೂವರೆ ಮೀಟರ್ ಫುಟ್‌ಪಾತ್ ಇರ್ಬೇಕು ಅಂತಾನೇ ಇದೆ, ನಮ್ಮ ಹನ್ನೆರಡೂವರೆ ಅಡಿ ಅಂದ್ರೆ 3.8 ಮೀಟರು. ಎಂಜಿನಿಯರ್ ತಕರಾರು ತೆಗೆದ್ರೆ ಇದನ್ನ ತೋರ್ಸಿ.

ಆ 7 ಅಡಿ ಪಟ್ಟೀನೇ ಎಲ್ಲದಕ್ಕೂ ಜೀವಾಳ. ಮರ ಅದ್ರಲ್ಲಿ, ಲೈಟ್ ಕಂಬ ಅದ್ರಲ್ಲಿ, ಟ್ರಾನ್ಸ್‌ಫಾರ್ಮರ್ ಅದ್ರಲ್ಲಿ (ದಯವಿಟ್ಟು ಫುಟ್‌ಪಾತ್ ಮೇಲಲ್ಲ), ಸ್ಕೂಟರ್ ಸ್ಟ್ಯಾಂಡು ಅದ್ರಲ್ಲಿ, ತಳ್ಳೋಗಾಡಿ ಅದ್ರಲ್ಲಿ, ಅಲ್ಲಲ್ಲಿ ಕಾರು. ಫುಟ್‌ಪಾತ್ ಮೇಲೆ ಮನುಷ್ಯರು ಬಿಟ್ಟು ಬೇರೇನೂ ಇರ್ಬಾರ್ದು.

ಇನ್ನು ಚರಂಡಿ. ಬೆಂಗಳೂರಲ್ಲಿ ನಡೆಯೋಕ್ಕಾಗ್ದೇ ಇರೋದಕ್ಕೆ ಅರ್ಧ ಕಾರಣ ಇದೇ, ನಮ್ಮಲ್ಲಿ ಫುಟ್‌ಪಾತ್ ಅಂದ್ರೆ ಬೇರೆ ಏನೂ ಅಲ್ಲ, ಚರಂಡಿ ಮೇಲಿನ ಮುಚ್ಚಳ. ಚರಂಡಿ ಎಷ್ಟು ಎತ್ತರಕ್ಕೆ ಕಟ್ಟಿದ್ರೋ ಫುಟ್‌ಪಾತೂ ಅಷ್ಟೇ ಎತ್ತರ, ರಸ್ತೆಗೆ ಟಾರ್ ಹಾಕಿದಾಗೆಲ್ಲ ಹೆಚ್ಚುಕಮ್ಮಿ, ಚಪ್ಪಡಿ ಒಂದು ಮುರಿದ್ರೆ ಕಾಲು ಒಳಗೆ. ನಮ್ಮ ಏರಿಯಾದಲ್ಲೇ ಅಳೆದಿದೀನಿ, ಒಂದು ಮನೆ ಮುಂದೆ 14 ಇಂಚು ಎತ್ತರ, ಪಕ್ಕದ ಮನೆ ಗೇಟಿಗೆ ಕಾರ್ ಇಳಿಯೋಕೆ ಅಂತ ಸೊನ್ನೆಗೆ ಇಳಿಸಿದಾರೆ, ಆಚೆ ಮನೇಲಿ ಮತ್ತೆ 11 ಇಂಚು. ಅಮ್ಮನ ಮಂಡಿಗೆ ಇದು ಫುಟ್‌ಪಾತಲ್ಲ, ಮೆಟ್ಟಿಲು ಹತ್ತಿ ಇಳಿಯೋ ಹರಕೆ. ಅದಕ್ಕೇ ಮಳೆನೀರಿನ ಪೈಪು ಆ 7 ಅಡಿ ಪಟ್ಟಿ ಕೆಳಗೆ ಹಾಕ್ಸಿ, ಫುಟ್‌ಪಾತ್ ಕೆಳಗೆ ಕರೆಂಟು, ನೀರು, ಇಂಟರ್ನೆಟ್ಟು ಎಲ್ಲದಕ್ಕೂ ಬೇರೆ ಬೇರೆ ಡಕ್ಟು. ಬೆಂಗಳೂರಲ್ಲಿ ಟೆಂಡರ್‌ಶ್ಯೂರ್ ಅನ್ನೋ ಯೋಜನೇಲಿ ಹೊಸದಾಗಿ ಮಾಡಿದ ರಸ್ತೆಗಳಲ್ಲಿ, ರೆಸಿಡೆನ್ಸಿ ರೋಡ್, ಸೇಂಟ್ ಮಾರ್ಕ್ಸ್ ರೋಡ್ ಕಡೆ ಮಾಡಿದ್ದೂ ಇದೇ ಲೆಕ್ಕಾಚಾರ, ಮತ್ತೆ ಮತ್ತೆ ಅಗೆಯೋದು ತಪ್ಪಲಿ ಅಂತ. ಆಗ ಫುಟ್‌ಪಾತ್ 6 ಇಂಚಿಗಿಂತ ಮೇಲೆ ಹೋಗೋ ಅಗತ್ಯಾನೇ ಇಲ್ಲ. ಗೇಟಿಗೆ ಗಾಡಿ ಹತ್ತೋ ಇಳಿಜಾರನ್ನ ಆ 7 ಅಡಿ ಪಟ್ಟಿ ಒಳಗೇ ಮುಗ್ಸಿ, ಫುಟ್‌ಪಾತ್ ಮಾತ್ರ ಒಂದೇ ಸಮ ಹೋಗ್ತಾ ಇರ್ಲಿ, ಅಡ್ಡರಸ್ತೆ ಬಂದ್ರೂ ರಸ್ತೇನ ಆ ಮಟ್ಟಕ್ಕೆ ಎತ್ತಿ, ಕಾರೇ ಉಬ್ಬು ಹತ್ತಿ ಇಳೀಲಿ.

ಅಂಗಡಿ ನೆಲದ ಮಟ್ಟಾನೂ ಇದರ ಜೊತೆಗೇ ಫಿಕ್ಸ್ ಆಗ್ಬೇಕು. ಮಳೆ ನೀರು ನುಗ್ಗುತ್ತೆ ಅಂತ ಒಬ್ಬೊಬ್ಬರೂ ತಮಗೆ ಇಷ್ಟ ಬಂದಷ್ಟು ಎತ್ತರಿಸ್ಕೊಂಡ್ರೆ ಪ್ರತಿ ಅಂಗಡಿ ಮುಂದೆ ಮೂರು ಮೆಟ್ಟಿಲು ಫುಟ್‌ಪಾತ್ ಮೇಲೆ ಚಾಚ್ಕೊಳ್ಳುತ್ತೆ. ಲೆವೆಲ್ ಮಾರ್ಕ್ ಮೊದ್ಲೇ ಕೊಟ್ಟು, ಫುಟ್‌ಪಾತಿಗಿಂತ 2 ಇಂಚು ಮೇಲೆ ಅಂತ ಕರಾರು ಪತ್ರದಲ್ಲೇ ಬರೆಸ್ಬಿಡಿ. ಕಟ್ಟಡದ ಮುಂದೆ ಬಿಡೋ ಖಾಲಿ ಜಾಗ, ಅಂದ್ರೆ ಸೆಟ್‌ಬ್ಯಾಕೂ ಹಾಗೇ, ರೂಲ್ ಪ್ರಕಾರ ಬಿಡ್ಲೇಬೇಕು, ಆದ್ರೆ ಅಲ್ಲಿ ಕಾಂಪೌಂಡ್ ಕಟ್ಟೋ ಹಾಗಿಲ್ಲ, ಕಾರ್ ನಿಲ್ಸೋ ಹಾಗಿಲ್ಲ, ಫುಟ್‌ಪಾತಿಗೆ ಸೇರ್ಕೊಂಡೇ ಇರ್ಬೇಕು ಅಂತ ಷರತ್ತು. ಬಾಯಿಮಾತಲ್ಲಿ ಬಿಟ್ರೆ ಆರು ತಿಂಗಳಲ್ಲಿ ಅಲ್ಲೊಂದು ಶೀಟ್ ಇಳಿದಿರುತ್ತೆ.

ಅಂಗಡಿ ಅಗಲ 10ರಿಂದ 12 ಅಡಿ, ಆಳ ಎಷ್ಟಾದ್ರೂ ಇರ್ಲಿ. ನಿಧಾನಕ್ಕೆ ನಡೆಯೋರು ಸೆಕೆಂಡಿಗೆ 3-4 ಅಡಿ ಹೋಗ್ತಾರೆ, ಅಂದ್ರೆ ಮೂರ್ನಾಲ್ಕು ಸೆಕೆಂಡಿಗೊಂದು ಹೊಸ ಬಾಗಿಲು, ಹೊಸ ವಾಸನೆ, ಬೇಜಾರಾಗೋಕೆ ಟೈಮೇ ಸಿಗಲ್ಲ. ಅದೇ ಜಾಗದಲ್ಲಿ 80 ಅಡಿಯ ಒಂದೇ ಶೋರೂಮ್ ಬಂದ್ರೆ ಗಾಜಿನ ಗೋಡೆ ಪಕ್ಕ ಸುಮ್ನೆ ನಡೀತಾ ಇರ್ಬೇಕು. ದೊಡ್ಡ ಸೂಪರ್ ಮಾರ್ಕೆಟ್ ಬೇಕೇ ಬೇಕು ಅಂದ್ರೆ ಅದನ್ನ ಮೊದಲ್ನೇ ಮಹಡಿಗೆ ಹತ್ತಿಸಿ, ಕೆಳಗೆ ಒಂದು ಬಾಗಿಲು ಕೊಟ್ರೆ ಸಾಕು. ಹೀಗೆ ಮಾಡಿದ್ರೆ ಎರಡೂ ಕಡೆ ಸೇರಿ ಎಂಬತ್ತರಷ್ಟು ಅಂಗಡಿ ಕೂರುತ್ತೆ.

ಮೇಲಿನ ಮಹಡೀಲಿ ಮನೆಗಳಿರ್ಲಿ, ಬರೀ ಆಫೀಸ್ ಬೇಡ. ಆಫೀಸ್‌ನೋರು ಏಳು ಗಂಟೆಗೆ ಹೋಗ್ತಾರೆ, ಭಾನುವಾರ ಬರಲ್ಲ. ಬಟ್ಟೆ ಒಣಗಾಕಿರೋ ಬಾಲ್ಕನಿ ಇದ್ರೆ ಕೆಳಗೆ ರಾತ್ರಿ ಹತ್ತಕ್ಕೆ ಹೆಣ್ಮಕ್ಕಳು ಧೈರ್ಯವಾಗಿ ನಡ್ಕೊಂಡು ಹೋಗ್ತಾರೆ.

ಪಾರ್ಕಿಂಗ್ ವಿಷಯಕ್ಕೆ ಬಂದ್ರೆ ಜಗಳ ಗ್ಯಾರಂಟಿ. ಒಂದು ಕಾರು ನಿಲ್ಲೋಕೆ, ಅದು ಒಳಗೆ ಹೊರಗೆ ಹೋಗೋ ದಾರಿ ಸೇರಿಸಿ ಹತ್ತಿರ ಹತ್ತಿರ 270 ಚದರಡಿ ಬೇಕು. 10 ಅಡಿ ಅಗಲ 13 ಅಡಿ ಆಳದ ಎರಡು ಅಂಗಡಿ ಅಷ್ಟು ಜಾಗ! ಇದನ್ನ ಅಂಗಡಿ ಮುಂದೆ ಕೊಟ್ರೆ ಪೇಟೆ ಹೋಗಿ ಪಾರ್ಕಿಂಗ್ ಲಾಟ್ ಆಯ್ತು. ಕಾರುಗಳೆಲ್ಲ ಹಿಂಬದಿ ಓಣಿಯಿಂದ ಬೇಸ್‌ಮೆಂಟಿಗೆ ಇಳೀಲಿ, ಸಾಮಾನು ಇಳಿಸೋ ಟೆಂಪೋ, ಕಸದ ಆಟೋ ಎಲ್ಲಾ ಅಲ್ಲೇ. ಇದೇನು ಹೊಸದಲ್ಲ, ಮಲ್ಲೇಶ್ವರ, ಬಸವನಗುಡಿಯಲ್ಲಿ ಮನೆಗಳ ಹಿಂದೆ ಕಸ, ಹೊಲಸು ಸಾಗಿಸೋಕೆ ಕನ್ಸರ್ವೆನ್ಸಿ ಓಣಿ ಅಂತ ಬಿಟ್ಟಿದ್ರು. ಬೀದಿ ಮೇಲೆ ನಿಲ್ಸೋ ನಾಲ್ಕು ಕಾರಿಗೆ ಮೊದಲ್ನೇ ದಿನದಿಂದಾನೇ ದುಡ್ಡು ವಸೂಲಿ ಮಾಡಿ, ಮೊದ್ಲು ಫ್ರೀ ಕೊಟ್ಟು ಆಮೇಲೆ ಚಾರ್ಜ್ ಹಾಕೋದು ಮಾತ್ರ ಬೇಡ. ಅಮೆರಿಕದ ವರ್ಜೀನಿಯಾದ ರೆಸ್ಟನ್ ಟೌನ್ ಸೆಂಟರಲ್ಲಿ 2017ರಲ್ಲಿ ಹಾಗೇ ಆಯ್ತು, ವರ್ಷಗಟ್ಟಲೆ ಫ್ರೀ ಇದ್ದ ಪಾರ್ಕಿಂಗಿಗೆ ದುಡ್ಡು ಅಂದಿದ್ದೇ ತಡ ಅಂಗಡಿಯೋರೂ ಗಿರಾಕಿಗಳೂ ತಿರುಗಿಬಿದ್ರು.

ರೆಸ್ಟನ್ ಇನ್ನೊಂದು ಕಾರಣಕ್ಕೂ ನೆನಪಿಟ್ಕೊಳ್ಳಿ. ವಾಷಿಂಗ್ಟನ್ ಹತ್ರದ ಆ ಉಪನಗರ ರಾಬರ್ಟ್ ಸೈಮನ್ ಅನ್ನೋರು 1964ರಲ್ಲಿ ಶುರು ಮಾಡಿದ್ದು, ಟೌನ್ ಸೆಂಟರ್ ಬಾಗಿಲು ತೆಗೆದಿದ್ದು 1990ರಲ್ಲಿ, ಅದರ ಹೆಸರಿನ ಮೆಟ್ರೋ ಸ್ಟೇಷನ್ ಬಂದಿದ್ದು 2022ರಲ್ಲಿ. ಅಷ್ಟು ಕಾಯೋ ತಾಳ್ಮೆ ನಮಗಿಲ್ಲ ಬಿಡಿ, ಆದ್ರೆ ಒಂದೇ ಏಟಿಗೆ ಎಂಬತ್ತು ಅಂಗಡಿ ಕಟ್ಟೋಕೆ ಹೋಗ್ಬೇಡಿ. ಅಮೆರಿಕದ್ದೇ ಇನ್ನೊಂದು ಉದಾಹರಣೆ, ಕೊಲರಾಡೋ ರಾಜ್ಯದ ಲೇಕ್‌ವುಡ್ ಊರಿನೋರು 1966ರ ಒಂದು ಮಾಲು 2001ರಲ್ಲಿ ಮುಚ್ಚಿದ್ಮೇಲೆ ಅದನ್ನ ಕೆಡವಿ, ಆ 104 ಎಕರೇನ 22 ಬ್ಲಾಕ್ ಮಾಡಿ, ಬೀದಿ ಹಾಕಿ, ಬೆಲ್ಮಾರ್ ಅಂತ ಹೊಸ ಪೇಟೆ ಮಾಡಿದ್ರು. ಅಲ್ಲಿ ಮಾಲ್ ಕೆಡವಿ ಬೀದಿ ಮಾಡ್ತಾ ಇದ್ರೆ ಇಲ್ಲಿ ನಾವು ಬೀದಿ ಬಿಟ್ಟು ಮಾಲ್ ಕಟ್ತಾ ಇದೀವಿ, ಏನ್ ಹೇಳೋದು.

ಮೊದ್ಲು ಒಂದೇ ಬ್ಲಾಕು, ಎರಡೂ ಬದಿ, 25 ಅಂಗಡಿ. ಯಾವ್ಯಾವುದು ಅನ್ನೋದನ್ನ ಅದೃಷ್ಟಕ್ಕೆ ಬಿಡ್ಬೇಡಿ. ತರಕಾರಿ, ಹಾಲಿನ ಬೂತು, ಮೆಡಿಕಲ್ ಸ್ಟೋರು, ದರ್ಶಿನಿ, ಝೆರಾಕ್ಸು, ಟೈಲರ್, ಹಿಟ್ಟಿನ ಗಿರಣಿ, ಇವಕ್ಕೆ ಮೊದಲೆರಡು ವರ್ಷ ಬಾಡಿಗೆ ಅರ್ಧ ಮಾಡಿ, ಅಡ್ವಾನ್ಸೂ ಕಮ್ಮಿ ತಗೊಳ್ಳಿ, ದಿನಾ ಬರೋ ಜನ ಇವರಿಂದಾನೇ. ಕೆಳಗಿನ ಅಂಗಡಿಗಳನ್ನ ಮಾರ್ಬೇಡಿ, ಬಾಡಿಗೆಗೆ ಮಾತ್ರ ಕೊಡಿ, ಮೇಲಿನ ಮನೆ ಬೇಕಾದ್ರೆ ಮಾರ್ಕೊಳ್ಳಿ. ಎಲ್ಲಾ ಮಾರಿದ್ರೆ ಯಾರು ಜಾಸ್ತಿ ಬಾಡಿಗೆ ಕೊಡ್ತಾರೋ ಅವರೇ ಬರ್ತಾರೆ, ಸಾಲಾಗಿ ಹದಿನಾಲ್ಕು ಮೊಬೈಲ್ ಅಂಗಡಿ.

ತಳ್ಳೋಗಾಡಿಯೋರು ಹೇಗೂ ಬರ್ತಾರೆ, ಓಡಿಸೋ ಕನಸು ಬಿಟ್ಬಿಡಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದೆ, ವ್ಯಾಪಾರ ವಲಯ ಗುರುತಿಸೋಕೆ ದಾರಿಯೂ ಇದೆ. 7 ಅಡಿ ಪಟ್ಟೀಲಿ ಬಿಳಿ ಬಣ್ಣದಲ್ಲಿ ಚೌಕ ಹಾಕಿ, ಹತ್ತು ಗಾಡಿಗೊಂದು ನಲ್ಲಿ, ಒಂದು ಲೈಟ್ ಪಾಯಿಂಟು, ಒಂದು ಶೌಚಾಲಯ ಕೊಡಿ. ಹೂವಿನೋರನ್ನ ಬಸ್ ನಿಲ್ಲೋ ಜಾಗದ ಪಕ್ಕಾನೇ ಕೂರಿಸಿ, ಬಸ್ ಕಾಯೋ ಹೆಣ್ಮಕ್ಕಳು ಅಲ್ಲೇ ಒಂದು ಮೊಳ ತಗೋತಾರೆ. ಬಸ್ಸು ಮೇನ್ ರೋಡಲ್ಲೇ ನಿಂತು ಹೋಗೋ ಹಾಗಾದ್ರೆ ಇಷ್ಟೆಲ್ಲಾ ಮಾಡಿದ್ದೂ ದಂಡ, ಅದಕ್ಕೇ ಒಳಗೆ ಬಂದು ತಿರುಗೋಕೆ ಜಾಗ ಬಿಟ್ಟು, ಡ್ರಾಯಿಂಗ್ ಹಿಡ್ಕೊಂಡೇ ಬಿಎಂಟಿಸಿಗೆ ಅರ್ಜಿ ಹಾಕಿ.

ಮರ ಹೊಂಗೆ ಹಾಕಿ, 25 ಅಡಿಗೊಂದು, ಬುಡಕ್ಕೆ 5 ಅಡಿ ಚೌಕ ಮಣ್ಣು ಬಿಟ್ಟು. ಫೋಟೋಗೆ ಚೆನ್ನಾಗಿರುತ್ತೆ ಅಂತ ತಾಳೆ ಜಾತಿ ಗಿಡ ಹಾಕ್ಬೇಡಿ, ನೆರಳು ಒಬ್ಬರಿಗೂ ಬೀಳಲ್ಲ.

ಸುತ್ತಲಿನ ಕಾಂಪೌಂಡು ಉಳಿದಿದೆ. ನಿಮ್ಮ ಪೇಟೆ ಎಷ್ಟೇ ಚೆನ್ನಾಗಿದ್ರೂ ಪಕ್ಕದ ಲೇಔಟ್‌ನೋರು ಗೋಡೆ ಸುತ್ತಿ ಬರ್ಬೇಕಂದ್ರೆ ಕಾರಲ್ಲೇ ಬರೋದು. ಮಂಜೂರಾದ ಲೇಔಟಿನ ರಸ್ತೆಗಳನ್ನ ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟಿರ್ತಾರೆ, ಆ ಪತ್ರ ತೆಗೆಸಿ ನೋಡಿ, ರಸ್ತೆ ಸಾರ್ವಜನಿಕ ಅಂತ ಆದ್ಮೇಲೆ ಗೋಡೆ ಅಡ್ಡ ಹಾಕೋ ಹಾಗಿಲ್ಲ. ಆದ್ರೆ ಕಾಗದ ಹಿಡ್ಕೊಂಡು ಜಗಳಕ್ಕೆ ಹೋಗೋದಕ್ಕಿಂತ ಮೂರಡಿ ಅಗಲದ ಒಂದು ಚಿಕ್ಕ ಗೇಟು ಕೇಳಿ, ಬೆಳಗ್ಗೆ ಐದರಿಂದ ರಾತ್ರಿ ಹನ್ನೊಂದರ ತನಕ ತೆಗೆದಿರೋ ಹಾಗೆ, ಬೈಕ್ ನುಗ್ಗದೇ ಇರೋ ಹಾಗೆ ಮಧ್ಯ ಒಂದು ಕಲ್ಲು ನೆಟ್ಟು. ನಮ್ಮ ಗೋಡೆಗೆ ಈ ಗೇಟ್ ಹಾಕ್ಸೋಕೆ ಎರಡು ವರ್ಷ ಮೀಟಿಂಗ್ ಮಾಡಿದೀವಿ, ಕಳ್ಳರು ಬರ್ತಾರೆ ಅನ್ನೋ ಒಂದೇ ಮಾತು. ಕೊನೆಗೆ ಒಪ್ಪಿಸಿದ್ದು ಸೆಕ್ರೆಟರಿ ಅಲ್ಲ, ವಾಚ್‌ಮನ್. ಅವ್ರಿಗೂ ಬೀಡಿಗೆ ಒಂದೂವರೆ ಕಿಲೋಮೀಟರ್ ನಡೆದು ಸಾಕಾಗಿತ್ತಂತೆ. ಗೇಟು ಮುಂದಿನ ತಿಂಗಳು ಬರುತ್ತೆ, ಬೀಗದ ಕೈ ಸದ್ಯಕ್ಕೆ ಅವರ ಹತ್ರಾನೇ ಇರುತ್ತೆ ಅಂತ ತೀರ್ಮಾನ ಆಗಿದೆ.