ಪಿರಾನ್ಹಾ ಸಾಕಿದ್ದೆ, ಕ್ಯಾಲಿಫೋರ್ನಿಯಾಗೆ ತರಲಾಗಲಿಲ್ಲ

ಶೃಂಗೇರಿಯಲ್ಲಿ ಹುಟ್ಟಿದವರಿಗೆ ಮೀನು ಅಂದ್ರೆ ತುಂಗೆಯ ಮೆಟ್ಟಿಲ ಹತ್ತಿರ ಮಂಡಕ್ಕಿಗೆ ಬಾಯಿ ತೆರೆಯುವ ಮೀನು. ಅವನ್ನು ಹಿಡಿಯುವ ಹಾಗಿಲ್ಲ, ತಿನ್ನುವ ಮಾತಂತೂ ಇಲ್ಲವೇ ಇಲ್ಲ. ಅಂಥ ಊರಿನವನು ಮಿಶಿಗನ್‌ನಲ್ಲಿ ಐದು ವರ್ಷ ಪಿರಾನ್ಹಾ, ಅಂದರೆ ದಕ್ಷಿಣ ಅಮೆರಿಕದ ಚೂಪು ಹಲ್ಲಿನ, ಮಾಂಸ ತಿನ್ನುವ ಮೀನು ಸಾಕಿದ್ದೆ ಅಂದ್ರೆ ಊರಿನವರು ಇವತ್ತಿಗೂ ನಗುತ್ತಾರೆ.

ಡೆಟ್ರಾಯಿಟ್ ಪಕ್ಕದ ನೋವೈಯಲ್ಲಿ ನಮ್ಮ ಮನೆ. ಕಾರು ಉದ್ಯಮದಲ್ಲಿ ಕೆಲಸ. ವರ್ಷದಲ್ಲಿ ನಾಲ್ಕೈದು ತಿಂಗಳು ಹೊರಗೆ ತಲೆ ಹಾಕಲಾಗದಷ್ಟು ಚಳಿ. 2018ರ ಚಳಿಗಾಲದಲ್ಲಿ ಕೆಂಪು ಹೊಟ್ಟೆಯ ಪಿರಾನ್ಹಾದ ಎಂಟು ಮರಿ ತಂದೆ. ಒಂದಕ್ಕೆ 12 ಡಾಲರ್. ಐದು ರೂಪಾಯಿ ನಾಣ್ಯದಷ್ಟು ಇದ್ದವು. ಮರಿಗಳ ಹೊಟ್ಟೆ ಕೆಂಪಗಿರುವುದಿಲ್ಲ. ಬೆಳ್ಳಿ ಬಣ್ಣ, ಮೈಮೇಲೆ ಕಪ್ಪು ಚುಕ್ಕೆ, ಅಷ್ಟೇ. ಕೆಂಪು ಆಮೇಲೆ ಬರುತ್ತದೆ.

ಮೊದಲ ತಪ್ಪು ಟ್ಯಾಂಕಿನದು. ಸಣ್ಣ ಮೀನಲ್ವಾ, ಸದ್ಯಕ್ಕೆ 40 ಗ್ಯಾಲನ್ ಸಾಕು ಅಂದುಕೊಂಡೆ. ಮೂರು ತಿಂಗಳಲ್ಲಿ ಎಂಟು ಇದ್ದದ್ದು ಆರಾಯಿತು. ಸತ್ತವುಗಳ ಅವಶೇಷವೂ ಸರಿಯಾಗಿ ಸಿಗಲಿಲ್ಲ. ಮರಿಗಳು ಬಲು ಬೇಗ ಬೆಳೆಯುತ್ತವೆ. ಜಾಗ ಸಾಲದಿದ್ದರೆ, ಹೊಟ್ಟೆ ತುಂಬದಿದ್ದರೆ ಪಕ್ಕದ್ದನ್ನೇ ಕಚ್ಚುತ್ತವೆ. ಆಮೇಲೆ ಸೆಕೆಂಡ್ ಹ್ಯಾಂಡ್ 125 ಗ್ಯಾಲನ್ ಟ್ಯಾಂಕ್ ತಂದೆ. ಆರು ಅಡಿ ಉದ್ದ, ಸುಮಾರು 470 ಲೀಟರ್ ನೀರು. ನೀರೇ ಅರ್ಧ ಟನ್ ಹತ್ತಿರ ತೂಗುತ್ತದೆ. ಮಿಶಿಗನ್ ಮನೆಗಳಲ್ಲಿ ಬೇಸ್‌ಮೆಂಟ್ ಇರುತ್ತದಲ್ಲ, ಅದರ ಕಾಂಕ್ರೀಟ್ ನೆಲದ ಮೇಲೆ ಇಟ್ಟೆ. ಮಾಂಸ ತಿನ್ನುವ ಮೀನಿನ ಗಲೀಜು ಜಾಸ್ತಿ. ಹಾಗಾಗಿ ಟ್ಯಾಂಕಿನ ಹೊರಗಿಟ್ಟು ನೀರು ಸೋಸುವ ದೊಡ್ಡ ಕ್ಯಾನಿಸ್ಟರ್ ಫಿಲ್ಟರ್ ಎರಡು. ವಾರಕ್ಕೊಮ್ಮೆ ಮೂರರಲ್ಲೊಂದು ಭಾಗ ನೀರು ಬದಲು. ಈ ಕೆಲಸದಲ್ಲಿ ರೋಮಾಂಚನ ಏನೂ ಇಲ್ಲ. ಬಕೆಟ್ ಹೊತ್ತು ಸೊಂಟ ನೋವು ಬರುತ್ತದೆ.

ಇನ್ನು ಊಟ. ನನ್ನ ಹೆಂಡತಿ ಮೊದಲ ದಿನವೇ ಹೇಳಿದಳು, "ನೋಡಿ, ಅಡುಗೆಮನೆ ಫ್ರಿಜ್ಜಿನಲ್ಲಿ ಮೀನು ಸಿಗಡಿ ಇಡೋ ಹಾಗಿಲ್ಲ." ಬೇಸ್‌ಮೆಂಟಿಗೆ ಬೇರೆ ಪುಟ್ಟ ಫ್ರೀಜರ್ ಬಂತು. ಅಂಗಡಿಯಲ್ಲಿ ಜೀವಂತ ಗೋಲ್ಡ್‌ಫಿಶ್ ಹಾಕಿ ಅನ್ನುತ್ತಾರೆ, ನೋಡಲು ಮಜಾ ಅಂತೆ. ನಾನು ಒಂದು ದಿನವೂ ಹಾಕಲಿಲ್ಲ. ಅದು ಬರೀ ಮರುಕದ ಮಾತಲ್ಲ. ಹೊರಗಿನ ಮೀನಿನ ಜೊತೆ ರೋಗವೂ ಟ್ಯಾಂಕಿಗೆ ಬರುತ್ತದೆ. ಅಲ್ಲದೆ ಗೋಲ್ಡ್‌ಫಿಶ್, ಸ್ಮೆಲ್ಟ್ ಅನ್ನುವ ಪುಟ್ಟ ಮೀನು ಎರಡರಲ್ಲೂ ಥಯಾಮಿನೇಸ್ ಅನ್ನುವ ಕಿಣ್ವ ಇದೆ. ಅದು ಬಿ1 ವಿಟಮಿನ್ ಅನ್ನು ಹಾಳು ಮಾಡುತ್ತದೆ. ಅಂಥ ಮೀನನ್ನೇ ಹಾಕುತ್ತಾ ಹೋದರೆ ಪಿರಾನ್ಹಾ ಸೊರಗುತ್ತದೆ. ನಾನು ಜಾಸ್ತಿ ಹಾಕಿದ್ದು ತಿಲಾಪಿಯಾ ತುಂಡು, ಸಿಪ್ಪೆ ಸಮೇತ ಸಿಗಡಿ, ನಡುವೆ ಪೆಲೆಟ್, ಅಂದರೆ ಮೀನಿನ ಒಣ ಗುಳಿಗೆ. ದೊಡ್ಡವಾದ ಮೇಲೆ ಎರಡು ದಿನಕ್ಕೊಮ್ಮೆ ಸಾಕು. ತಿನ್ನುವಾಗ ಮಾತ್ರ ಚುರುಕು. ತುಂಡು ನೀರಿಗೆ ಬಿದ್ದ ಕ್ಷಣ ಒಂದು ಬಾಯಿ ಹಾಕಿ, ಮೈ ತಿರುಚಿ, ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕಿತ್ತುಕೊಂಡು ಹಿಂದಕ್ಕೆ ಓಡುತ್ತದೆ. ಉಳಿದ ಸಮಯವೆಲ್ಲ ಮೂಲೆಯಲ್ಲಿ ಗುಂಪಾಗಿ ನಿಂತಿರುತ್ತವೆ.

2019ರ ಬೇಸಿಗೆಯಲ್ಲಿ ಅಮ್ಮ ಬಂದಿದ್ದರು. ಮನುಷ್ಯರನ್ನು ತಿನ್ನುವ ಮೀನು ಅಂತ ಯಾರೋ ಹೇಳಿ ಹೆದರಿಸಿದ್ದರು. ಮೆಟ್ಟಿಲಿಳಿದು ಬಂದು ಲೈಟ್ ಹಾಕಿದ್ದೇ ತಡ, ಆರೂ ಮೀನು ದಡಬಡ ಓಡಿ ಗಾಜಿಗೆ ಡಿಕ್ಕಿ ಹೊಡೆದು ಮರದ ಬೇರಿನ ಹಿಂದೆ ಸೇರಿಕೊಂಡವು. ಅಮ್ಮ ಸ್ವಲ್ಪ ಹೊತ್ತು ನೋಡಿ, "ಅಲ್ಲ ಮಾರಾಯ, ಇವೇ ಹೆದರಿ ಸಾಯ್ತಾ ಇವೆ" ಅಂದರು.

ಅಮ್ಮ ಹೇಳಿದ್ದು ಸರಿ. ಪಿರಾನ್ಹಾ ಗುಂಪು ಕಟ್ಟುವುದು ಬೇಟೆಗಲ್ಲ, ತಮ್ಮನ್ನು ತಿನ್ನುವ ಪ್ರಾಣಿಗಳಿಂದ ಪಾರಾಗಲು ಅಂತ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ಆ್ಯನ್ ಮಗರನ್ ಮತ್ತವರ ಜೊತೆಗಾರರು ಬ್ರೆಜಿಲ್‌ನಲ್ಲಿ ಅಧ್ಯಯನ ಮಾಡಿ ತೋರಿಸಿದ್ದಾರೆ. ಆದರೂ ಬರಿಗೈ ನೀರಿಗೆ ಹಾಕುತ್ತಿರಲಿಲ್ಲ, ಅದು ಬೇರೆ ಮಾತು. ಬಲೆಯನ್ನು ಮೂರು ಸಲ ಹರಿದಿವೆ. ಬಲೆಯಲ್ಲಿ ಎತ್ತಿದಾಗ ನಾಯಿ ಗುರುಗುಟ್ಟಿದ ಹಾಗೆ ಸದ್ದು ಮಾಡುತ್ತವೆ. ಹೊಟ್ಟೆಯೊಳಗಿನ ಗಾಳಿಚೀಲವನ್ನು ಸ್ನಾಯು ಅದುರಿಸಿ ಹೊರಡಿಸುವ ಸದ್ದು ಅದು. ಮೊದಲ ಸಲ ಕೇಳಿದಾಗ ಬಲೆ ಕೈಬಿಟ್ಟೆ.

2023ರ ಫೆಬ್ರವರಿಯಲ್ಲಿ ಐಸ್ ಸ್ಟಾರ್ಮ್ ಬಂತು. ಮರಗಳ ಮೇಲೆ ಮಂಜುಗಡ್ಡೆ ಕಟ್ಟಿ ಕೊಂಬೆಗಳು ತಂತಿಯ ಮೇಲೆ ಬಿದ್ದವು. ಮೂರು ದಿನ ಕರೆಂಟಿಲ್ಲ. ಹೀಟರ್ ಇಲ್ಲ, ಫಿಲ್ಟರ್ ಇಲ್ಲ. ನೀರು 26 ಡಿಗ್ರಿಯಿಂದ 19ಕ್ಕೆ ಇಳಿಯಿತು. ಗ್ಯಾಸ್ ಒಲೆಯಲ್ಲಿ ನೀರು ಕಾಯಿಸಿ ಸೋಡಾ ಬಾಟಲಿಗೆ ತುಂಬಿ ತೇಲಿಬಿಟ್ಟೆ. ಬ್ಯಾಟರಿಯ ಪುಟ್ಟ ಏರ್ ಪಂಪ್ ಹಾಕಿದೆ. ಎರಡು ಗಂಟೆಗೊಮ್ಮೆ ಬಾಟಲಿ ಬದಲಿಸಿದೆ, ರಾತ್ರಿಯೂ. ಹಾಗಿದ್ದೂ ಒಂದು ಸತ್ತಿತು. ಉಳಿದವು ಅದನ್ನು ಮುಟ್ಟಲೂ ಇಲ್ಲ. ಅಷ್ಟು ಮಂಕಾಗಿದ್ದವು.

ಅದೇ ವರ್ಷ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಕೆಲಸ ಸಿಕ್ಕಿತು. ಅಲ್ಲಿಗೆ ಕಥೆ ಬದಲಾಯಿತು.

ಮೀನು ತರುವ ಮೊದಲು ಮಿಶಿಗನ್ ಕಾನೂನು ನೋಡಿದ್ದೆ. ಅಲ್ಲಿ ಸಾಕಬಹುದು. ಪಕ್ಕದ ಒಹಾಯೊದಲ್ಲೂ ಸಾಕಬಹುದು. ಆದರೆ ಅಮೆರಿಕದಲ್ಲಿ ಇದನ್ನು ತೀರ್ಮಾನಿಸುವುದು ಒಂದೊಂದು ರಾಜ್ಯ. ಕ್ಯಾಲಿಫೋರ್ನಿಯಾದ ನಿರ್ಬಂಧಿತ ಪ್ರಾಣಿಗಳ ಪಟ್ಟಿಯಲ್ಲಿ ಪಿರಾನ್ಹಾ ಇದೆ. ಮುಂಗುಸಿಯ ಹಾಗಿರುವ ಫೆರೆಟ್, ಇಲಿಯ ಹಾಗಿರುವ ಜರ್ಬಿಲ್, ಮುಳ್ಳುಹಂದಿಯ ಹಾಗಿರುವ ಪುಟ್ಟ ಹೆಜ್‌ಹಾಗ್ ಕೂಡ ಇವೆ. ಟೆಕ್ಸಾಸ್, ಫ್ಲಾರಿಡಾಗಳಲ್ಲೂ ಪಿರಾನ್ಹಾ ನಿಷೇಧ. ಬೆಚ್ಚಗಿನ ಊರಿನಲ್ಲಿ ಯಾರೋ ಕೆರೆಗೆ ಬಿಟ್ಟರೆ ಬದುಕಿ ಸಂತಾನ ಬೆಳೆಸಬಹುದು ಅನ್ನುವ ಭಯ. ಮಿಶಿಗನ್‌ನಲ್ಲಿ ಚಳಿಗಾಲವೇ ಮುಗಿಸಿಬಿಡುತ್ತದೆ. ಆದರೆ ಲೆಕ್ಕ ಅಷ್ಟು ನೇರವಿಲ್ಲ. ನ್ಯೂಯಾರ್ಕ್, ಮ್ಯಾಸಚೂಸೆಟ್ಸ್‌ನಲ್ಲಿ ಚಳಿ ಏನು ಕಡಿಮೆಯೇ? ಅಲ್ಲೂ ನಿಷೇಧ.

ಭಯ ಸುಳ್ಳಂತೂ ಅಲ್ಲ. 2016ರಲ್ಲಿ ಮಿಶಿಗನ್‌ನ ಸೇಂಟ್ ಕ್ಲೇರ್ ಸರೋವರದಲ್ಲಿ ಗಾಳಕ್ಕೆ ಪಾಕು ಮೀನು ಸಿಕ್ಕಿತ್ತು. ಪಿರಾನ್ಹಾದ ನೆಂಟ, ಹಲ್ಲು ಮಾತ್ರ ಮನುಷ್ಯರ ಹಲ್ಲಿನಂತೆ ಚಪ್ಪಟೆ. ನಮ್ಮ ಕಡೆ ರೂಪಚಂದ್ ಅಂತ ಮಾರುವುದೂ ಇದನ್ನೇ. ಯಾರೋ ದೊಡ್ಡದಾಯಿತು ಅಂತ ನೀರಿಗೆ ಬಿಟ್ಟಿರುತ್ತಾರೆ. ಆಮೇಲೆ ಎಲ್ಲ ಸಾಕುವವರ ಹೆಸರೂ ಕೆಡುತ್ತದೆ.

ಕ್ಯಾಲಿಫೋರ್ನಿಯಾದ ಸಂಬಂಧಪಟ್ಟ ಇಲಾಖೆಗೆ ಫೋನ್ ಮಾಡಿ ಪರ್ಮಿಟ್ ಸಿಗುತ್ತದಾ ಅಂತ ಕೇಳಿದೆ. ಮನೆಯಲ್ಲಿ ಸಾಕಲು ಸಿಗುವುದಿಲ್ಲ, ಅಷ್ಟೇ. ಸುಮ್ನೆ ಕಾರಿನಲ್ಲಿ ಹಾಕಿಕೊಂಡು ಹೋಗು, ಯಾರು ನೋಡುತ್ತಾರೆ ಅಂದವರೂ ಇದ್ದರು. ರಾಜ್ಯದ ಕಾನೂನು ಮುರಿದು ಪ್ರಾಣಿಯನ್ನು ಗಡಿ ದಾಟಿಸಿದರೆ 1900ರ ಲೇಸಿ ಕಾಯ್ದೆಯಡಿ ಅದು ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಕಾನೂನಿನ ಅಪರಾಧವೂ ಆಗಬಹುದು. ಅದೂ ಅಲ್ಲದೆ ಐ-80 ಹೆದ್ದಾರಿಯಲ್ಲಿ ಹೋದರೆ ನಡುವೆ ಯೂಟಾ, ನೆವಾಡ. ಅಲ್ಲೂ ನಿಷೇಧವೇ. ವೀಸಾದ ಮೇಲೆ ಬದುಕುವವನು ಮೀನಿಗಾಗಿ ಕೇಸ್ ಹಾಕಿಸಿಕೊಳ್ಳುವುದೇ? ಹತ್ತು ವರ್ಷಕ್ಕೂ ಜಾಸ್ತಿ ಬದುಕುವ ಮೀನು ತರುವಾಗ, ಮೂರು ವರ್ಷಕ್ಕೊಮ್ಮೆ ನವೀಕರಿಸುವ ವೀಸಾ ನನ್ನದು ಅನ್ನುವುದು ತಲೆಗೇ ಹೊಳೆದಿರಲಿಲ್ಲ.

ಒಹಾಯೊದ ಟೊಲೀಡೊ ಹತ್ತಿರದ ನಿವೃತ್ತ ಮೇಷ್ಟ್ರೊಬ್ಬರು ಮೀನುಗಳನ್ನು ಸಾಕಲು ಒಪ್ಪಿಕೊಂಡರು. ಅವರ ಟ್ಯಾಂಕ್ ನೋಡಿ ಬಂದೆ, ನನ್ನದಕ್ಕಿಂತ ದೊಡ್ಡದು. ಸಾಗಿಸುವ ಎರಡು ದಿನ ಮೊದಲು ಊಟ ನಿಲ್ಲಿಸಿದೆ, ದಾರಿಯಲ್ಲಿ ನೀರು ಕೆಡಬಾರದು ಅಂತ. ಪ್ಲಾಸ್ಟಿಕ್ ಚೀಲ ಕಚ್ಚಿ ಹರಿಯುತ್ತವೆ. ಹಾಗಾಗಿ ಮುಚ್ಚಳಕ್ಕೆ ತೂತು ಕೊರೆದ ಐದು ಬಕೆಟ್, ಒಂದೊಂದರಲ್ಲಿ ಒಂದೊಂದು ಮೀನು. ಒಂದು ಗಂಟೆ ಚಿಲ್ಲರೆ ದಾರಿ. ಉಬ್ಬು ಬಂದಾಗಲೆಲ್ಲ ಹಿಂದಿನಿಂದ ಠಪ್ ಠಪ್ ಸದ್ದು.

ಆಗಸ್ಟಿನಲ್ಲಿ ಕಾರಿನಲ್ಲೇ ಪಶ್ಚಿಮಕ್ಕೆ ಹೊರಟೆವು. ಟ್ರಕೀ ಹತ್ತಿರ ಕ್ಯಾಲಿಫೋರ್ನಿಯಾದ ತಪಾಸಣೆ ಕಟ್ಟೆ. ಗಿಡ, ಹಣ್ಣು ಏನಾದರೂ ಇದೆಯಾ ಅಂತ ಕೇಳಿದರು. ಹಿಂದಿನ ಸೀಟಿನಲ್ಲಿ ಸೀಟ್ ಬೆಲ್ಟ್ ಹಾಕಿ ಕೂರಿಸಿದ್ದ ಕರಿಬೇವಿನ ಕುಂಡ ತೋರಿಸಿದೆ. ಏಳು ವರ್ಷ ಬೆಳೆಸಿದ ಗಿಡ. ನಿಂಬೆ, ಕಿತ್ತಳೆ ಜಾತಿಗೆ ಸೇರಿದ್ದು, ಅದರಲ್ಲಿ ಬರುವ ಕೀಟ ಅಲ್ಲಿನ ತೋಟಗಳಿಗೆ ಮಾರಿ ಅಂತ ಬಿಡಲಿಲ್ಲ. ಪಿರಾನ್ಹಾ ಕಾನೂನು ಆರು ತಿಂಗಳು ಓದಿದ್ದೆ. ಕರಿಬೇವಿನದು ಒಂದು ಸಾಲೂ ಓದಿರಲಿಲ್ಲ. ಹೆಂಡತಿ ಫ್ರೀಮಾಂಟ್ ತಲುಪುವವರೆಗೆ ಮಾತಾಡಲಿಲ್ಲ.